ಏಳನೇ ಹಲ್ಲಿನ ಕಾಗದ

ಮಾರ್ಚ್ ೩, ಸಂಜೆ

ಇವತ್ತೂ ಹ್ಯಾಂಗ್. ನನ್ನ ಓದುವ ಮೇಜಿನ ಮೇಲೆ ಅಪ್ಪನ ಹಳೇ ಕಂಪ್ಯೂಟರ್, ಹೊಟ್ಟೆ ಬಿಚ್ಚಿಕೊಂಡು. ಅದರ ಮುಂದೆ ತಂಗಿ. ನನ್ನ ಕವನ ಸಂಕಲನಗಳು ನೆಲದ ಮೇಲೆ.

ಅಪ್ಪ ಹೋಗಿ ಎರಡು ವರ್ಷ. ಫ್ಲಾಪಿಯ ಮೇಲೆ ಅವರದೇ ಅಕ್ಷರ: ‘ದಿನಚರಿ’. ಓದೋಣವೆಂದರೆ ಮೆಮೊರಿ ಕಾರ್ಡು, ಫ್ಲಾಪಿ ಕಾರ್ಡು ಎರಡಕ್ಕೂ ಯಂತ್ರದೊಳಗೆ ಒಂದೇ ವಿಳಾಸವಂತೆ. ಕರೆದರೆ ಎರಡೂ ಓಗೊಡುತ್ತವೆ, ಯಂತ್ರ ಕಕ್ಕಾಬಿಕ್ಕಿ. ಒಂದನ್ನು ಕಿತ್ತರೆ ಇನ್ನೊಂದು ದಂಡ.

"ಅಪ್ಪ ಏನೋ ಉಪಾಯ ಮಾಡಿರ್ತಾರೆ ಅಕ್ಕಾ. ಹುಡುಕ್ತೀನಿ. ತೊಡೆ ಮೇಲೆ ಕೂರಿಸ್ಕೊಂಡು ಕಲಿಸಿದ್ದು ನನಗೆ ತಾನೇ!"

ಹೌದಮ್ಮ. ನಿನಗೇ. ನನಗೆ ‘ನೀನು ಹೋಗಿ ಓದ್ಕೋ’.

ಮಾರ್ಚ್ ೪

ಬಿದ್ದ ಸ್ಕ್ರೂ ಹೆಕ್ಕುವಾಗ ನೆನಪಾಯಿತು. ಮೆಮೊರಿ ಕಾರ್ಡಿನ ಅಂಚಿಗೆ ಹೊಳೆಯುವ ಹಲ್ಲುಗಳ ಸಾಲು. ಏಳನೆಯದಕ್ಕೆ ಕಾಗದದ ಪಟ್ಟಿ ಮಡಿಸಿ ಸಿಕ್ಕಿಸಿದರೆ ಮೆಮೊರಿ ಅರ್ಧ ಬಾಯಿ ಮುಚ್ಚುತ್ತಿತ್ತು. ಉಳಿದರ್ಧ ಸಾಕು. ಅಪ್ಪ ಬಿಚ್ಚುವರು, ನಾನು ಕತ್ತರಿಸುವೆ — ನನ್ನ ನೋಟ್‌ಬುಕ್ಕಿನ ಅಂಚು. ಆಗ ನನಗೆ ಹನ್ನೊಂದು. ತಂಗಿಗೆ ಆರು, ಸ್ಕ್ರೂ ಬಾಯಿಗೆ ಹಾಕುತ್ತಾಳೆಂದು ಆ ಹೊತ್ತಿಗೆ ಹೊರಗೆ ಅಟ್ಟುತ್ತಿದ್ದರು.

ಹೇಳಲಿಲ್ಲ. ಚಹಾ ಕೊಟ್ಟೆ.

ಮಾರ್ಚ್ ೯

ಊಟಕ್ಕೆ ಕೂತು ನನ್ನವರು: "ನಿನ್ನ ತಂಗಿ ಬಿಡು, ಅಪ್ಪನ ಪಡಿಯಚ್ಚು."

ಸೌಟು ಹಿಡಿದು ನಿಂತೇ ಇದ್ದೆ. ಹೊಟ್ಟೆಕಿಚ್ಚಿನ ಮೇಲೆ ಎಷ್ಟು ಪದ್ಯ ಓದಿದ್ದೇನೆ... ಒಂದರಲ್ಲೂ ಅದು ಇಷ್ಟು ಸಣ್ಣದಿರಲಿಲ್ಲ. ಕಾಗದದ ಪಟ್ಟಿಯಷ್ಟು.

ಮಾರ್ಚ್ ೧೦, ಬೆಳಿಗ್ಗೆ ೧೧

ತಂಗಿಯ ಕೈಯಲ್ಲಿ ಬ್ಲೇಡು. "ಸಾಕಾಯ್ತು. ಕಾರ್ಡಿನ ತಾಮ್ರದ ಗೆರೆ ಒಂದನ್ನ ಕೆತ್ತಿಬಿಡ್ತೀನಿ."

"ತಪ್ಪು ಗೆರೆ ಆದ್ರೆ?"

"ಅಪ್ಪನ ದಿನಚರಿಗೆ ಕೈ ಮುಗಿಯೋದೇ. ಇನ್ನೊಂದು ಕಾರ್ಡು ಈ ಜನ್ಮದಲ್ಲಿ ಸಿಗಲ್ಲ."

"ತಡಿ" ಅಂದೆ. ಕತ್ತರಿ ತಂದೆ. ಈ ನೋಟ್‌ಬುಕ್ಕಿನ ಅಂಚು ಕತ್ತರಿಸಿ, ಮಡಿಸಿ, ಏಳನೇ ಹಲ್ಲಿಗೆ ಸಿಕ್ಕಿಸಿದೆ.

ಪರದೆ ತುಂಬ ಹಸಿರು ಅಕ್ಷರ. ಅಪ್ಪನ ದಿನಚರಿ, ತಿಂಗಳು ತಿಂಗಳು. ಅವಳು ಅತ್ತ ನೋಡಲೇ ಇಲ್ಲ.

"ನಿಂಗೆ ಹೇಗೆ ಗೊತ್ತು?"

"ಅಪ್ಪ, ನಾನು, ಇಬ್ಬರೇ ಮಾಡ್ತಿದ್ವಿ."

"ನನಗ್ಯಾಕೆ ಹೇಳಲಿಲ್ಲ ಅಪ್ಪ?" ಆರು ವರ್ಷದವಳ ದನಿ.

‘ಸ್ಕ್ರೂ ನುಂಗ್ತಿದ್ದೆ ಕಣೇ’ ಅಂದರೆ ನಕ್ಕುಬಿಡುತ್ತಾಳೆ. ಅಷ್ಟೇ ಬೇಕಾದದ್ದು. ಆದರೆ ಈ ಗೆಲುವಿಗೆ ಮೂವತ್ತೇಳು ವರ್ಷ ಕಾದದ್ದು — ಇನ್ನೈದು ನಿಮಿಷ ಇರಲಿ ಅನಿಸಿತು. ಚಹಾ ನೆಪ ಹೇಳಿ ಅಡುಗೆಮನೆಗೆ ಬಂದು ಬರೆಯುತ್ತಿದ್ದೇನೆ. ಆಚೆ ಕೀಲಿಗಳ ಸದ್ದಿಲ್ಲ. ಮೂಗು ಸೊರಗುಟ್ಟಿಸುತ್ತಿದ್ದಾಳೆ.

ನೀರು ಕುದಿಯಿತು. ಹೋಗಿ ಹೇಳುತ್ತೇನೆ, ಸ್ಕ್ರೂ ಕಥೆ.