ಹುಂಜದ ಮೇಲಿನ ಅಪವಾದ

ಉಣಕಲ್
20 ಜನವರಿ 2005

ಕೋಳಿರೋಗದ ಸಂಶೋಧಕರಾದ ಡಾ. ಶಶಿಕಾಂತ ಅವರಿಗೆ ನಮಸ್ಕಾರ.

ನಾನು ಫಕೀರವ್ವ, ಗುಡ್ಡಪ್ಪನವರ ಮನೆಯ ಹಿರಿಯಳು, ಹೈಸ್ಕೂಲು ಮುಗಿಸಿದವಳು. ನಮ್ಮ ಓಣಿಯಲ್ಲಿ ಜಗಳ ಬಿದ್ದರೆ ನನ್ನ ಮಾತೇ ಕೊನೆಯ ಮಾತು.

ದೀಪಾವಳಿಗೆ ರಾಯಾಪುರದ ಬೀಗತಿ ಯಲ್ಲವ್ವ ನನಗೊಂದು ಹುಂಜ ಕಳಿಸಿದ್ದರು. ಹದಿನೈದೇ ದಿನದಲ್ಲಿ ನನ್ನ ಇಪ್ಪತ್ತೆರಡು ಕೋಳಿಗಳು ಕೊಕ್ಕರೆ ರೋಗಕ್ಕೆ ಸತ್ತವು, ಆ ಹುಂಜ ಮಾತ್ರ ಉಳಿಯಿತು. "ಹುಂಜದ ಜೋಡಿ ರೋಗಾನೂ ಕಳಿಸ್ಯಾರ" ಎಂದು ಓಣಿಗೆಲ್ಲ ಹೇಳಿದೆ. ಅದು ಅವರ ಕಿವಿಗೆ ಬಿದ್ದು, ನನ್ನ ಮಗಳು ಲಕ್ಷ್ಮಿಯನ್ನು ಬಾಣಂತನಕ್ಕೆ ಕಳಿಸುವುದಿಲ್ಲ ಎಂದುಬಿಟ್ಟರು.

ನೀವು ಎರಡೂ ಊರಿನ ಕೋಳಿಗಳನ್ನು ಪರೀಕ್ಷಿಸಿ ಕಳಿಸಿದ ವರದಿಯನ್ನು ಎರಡು ಸಲ ಓದಿದೆ. ನನ್ನ ಕೋಳಿಗಳನ್ನು ಕೊಂದ ವೈರಸ್ಸು ಹುಬ್ಬಳ್ಳಿ ಸಂತೆಯ ಕೋಳಿಗಳಲ್ಲಿದ್ದ ವಂಶದ್ದು, ರಾಯಾಪುರದಲ್ಲಿ ಸಿಕ್ಕಿದ್ದು ಬೇರೆ ವಂಶದ್ದು ಎಂದಿದ್ದೀರಿ. ಆ ಸಂತೆಯಿಂದ ಎರಡು ಹೇಂಟೆ ತಂದವಳು ನಾನೇ. "ಹೊಸಾ ಕೋಳಿ ಏನರ ತಂದಿದ್ರೇನ್ರಿ?" ಎಂದು ನೀವು ಕೇಳಿದಾಗ ಅದು ನನಗೆ ನೆನಪಾಗಲಿಲ್ಲ ಎಂದು ಬರೆದುಕೊಳ್ಳಿರಿ.

ಈ ರೋಗದ ಬಗ್ಗೆ ನೀವು ಬರೆಯುವ ಪುಸ್ತಕದಲ್ಲಿ ನನ್ನ ಹೆಸರು ಬೇಡ. ಹುಂಜದ ತಪ್ಪಿಲ್ಲವೆಂಬುದನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಹಾಕಿರಿ.

ನಿನ್ನೆ ರಾಯಾಪುರಕ್ಕೆ ಹೋಗಿ, ಬೀಗರ ಮನೆಯ ಕಟ್ಟೆಯ ಮೇಲೆ ನಿಂತು, ಎಲ್ಲರ ಮುಂದೆ ನಾನೇ ವರದಿ ಓದಿದೆ. ಯಲ್ಲವ್ವ ನಕ್ಕು, "ಅಕ್ಕಾರ, ತಪ್ಪಾತು ಅಂತ ನನಗ್ಯಾಕ ಹೇಳ್ತೀರಿ? ಹುಂಜಕ್ಕ ಹೇಳ್ರಿ!" ಎಂದರು.

ಲಕ್ಷ್ಮಿ ಈಗ ನನ್ನ ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಾಳೆ. ಬೆಳಿಗ್ಗೆ ಹುಂಜಕ್ಕೂ ಹೇಳಿ ಬಂದೆ. ಯಾರೂ ನೋಡಲಿಲ್ಲ.

ಇಂತಿ,
ಫಕೀರವ್ವ