ನಾಲ್ಕು ಗಂಟೆಯ ಡಬ್ಬಿ

ಸವಣೂರು
ತಾ. ೨೧ ನವೆಂಬರ್ ೧೯೮೩, ಸೋಮವಾರ

ಮಾನ್ಯ ಅಧ್ಯಕ್ಷರಾದ ಒಲೆಯವರೇ, ವೇದಿಕೆಯ ಮೇಲೆ ಒದ್ದೆ ಬಟ್ಟೆ ಹೊದ್ದು ಮೊಳಕೆಯೊಡೆಯುತ್ತಿರುವ ಮಡಕೆಕಾಳುಗಳೇ, ಹಿಂದಿನ ಸಾಲಿನಲ್ಲಿ ಚಟಪಟ ಗದ್ದಲ ಮಾಡುತ್ತಿರುವ ಶೇಂಗಾಗಳೇ, ಮತ್ತು ಹಾನಗಲ್ಲಿನಲ್ಲಿರುವ ಕಾರಣ ಈ ಸಭೆಗೆ ಗೈರುಹಾಜರಾಗಿರುವ ನನ್ನ ಒಬ್ಬಳೇ ಮಗಳೇ,

ಪ್ರೀತಿಯ ಮನೋರಮಾ,

ಮೊದಲು ಕ್ಷೇಮ ಸಮಾಚಾರ. ಮೈಯಲ್ಲಿ ಹೇಗಿದೆ? ಮುಂಜಾನೆಯ ಸೂಜಿ ತಪ್ಪುತ್ತಿಲ್ಲವಷ್ಟೇ? ಔಷಧದ ಸೀಸೆ ಇಟ್ಟ ಮಡಕೆಯ ಮರಳು ಒಣಗದಂತೆ ನೋಡಿಕೊಳ್ಳಲು ನಿನ್ನ ಅತ್ತೆ ಯಮುನಕ್ಕನಿಗೆ ಹೇಳು. ಅಕ್ಕ ತನ್ನ ತುಳಸಿಗೆ ಮರೆಯದೆ ನೀರು ಹಾಕುತ್ತಾಳೆ, ಹಾಗೆಯೇ ಇದಕ್ಕೂ ಒಂದು ಚೊಂಬು ಹಾಕಲಿ. ಇಲ್ಲಿ ನಿನ್ನ ಅವ್ವ ಆರಾಮ ಇದ್ದಾಳೆ. ನಾನೂ ಆರಾಮ. ದೀಪಾವಳಿಗೆ ನೀನು ಬರಲಿಲ್ಲ. ನರಕಚತುರ್ದಶಿಯ ನಸುಕಿನಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕುಳಿತೆ. ಆರತಿ ಮಾಡುವ ಮಗಳು ಊರಲ್ಲಿಲ್ಲ ಎಂಬುದು ಎಣ್ಣೆ ಕಣ್ಣಿಗೆ ಇಳಿದಾಗ ನೆನಪಾಯಿತು. ಕಣ್ಣು ಉರಿದದ್ದು ಎಣ್ಣೆಯಿಂದಲೇ ಎಂದು ನಿನ್ನ ಅವ್ವನಿಗೆ ಹೇಳಿದೆ. ಅವಳು ನಂಬಿದಳು ಎಂದು ನಾನು ನಂಬಿದೆ.

ಸಭಿಕರೇ, ಇಂದಿನ ಉಪನ್ಯಾಸದ ವಿಷಯ, ಬೆಳೆಯುವ ವಯಸ್ಸಿನವರ ನಾಲ್ಕು ಗಂಟೆಯ ಹಸಿವು. ಕಾಲೇಜು ಬಿಟ್ಟ ಮಕ್ಕಳಿಗೆ ಆ ಹೊತ್ತಿನಲ್ಲಿ ಗೋಡೆಯೂ ತಿನ್ನುವ ವಸ್ತುವಿನಂತೆ ಕಾಣುತ್ತದೆ. ಸಕ್ಕರೆ ರೋಗದ ಹುಡುಗಿಗೆ ಗೋಡೆಯನ್ನಾದರೂ ಕೊಡಬಹುದು, ಬಿಸ್ಕೀಟು ಕೊಡುವಂತಿಲ್ಲ. ಹೊಟ್ಟೆ ತುಂಬಬೇಕು, ಶಕ್ತಿ ಬರಬೇಕು, ಸಿಹಿ ಮಾತ್ರ ಇರಬಾರದು. ಈ ಕಾರಣಕ್ಕೆ ನಿನ್ನ ಅಪ್ಪನಾದ ಹೈಸ್ಕೂಲ ಮಾಸ್ತರನು ಸೀಮೆಸುಣ್ಣ ಬಿಟ್ಟು ಸೌಟು ಹಿಡಿದಿದ್ದಾನೆ. ಮಡಕೆಕಾಳಿನ ಉಸಳಿಗೆ ಈಗ ಈರುಳ್ಳಿ ಕೊನೆಗೆ ಹಾಕುತ್ತೇನೆ, ಕರುಂ ಕುರುಂ ಅನ್ನಲಿ ಎಂದು. ಹೆಸರುಕಾಳು ರುಬ್ಬಿ ಹಸಿಶುಂಠಿ ಹಾಕಿ ದೋಸೆ ಹುಯ್ಯುತ್ತೇನೆ. ಮೊದಲಿನವು ಆಫ್ರಿಕಾ ಖಂಡದ ಆಕಾರದಲ್ಲಿದ್ದವು, ಈಗ ಸಿಂಹಳದ ಹತ್ತಿರ ಬಂದಿದ್ದೇನೆ. ಶೇಂಗಾ ಹುರಿದು, ಪುಠಾಣಿ ಬೆರೆಸಿ, ಉಪ್ಪು ಖಾರ ಸವರಿದ್ದು ಡಬ್ಬಿಯ ಒಂದು ಖಾನೆಯಲ್ಲಿ. ಕೆನೆ ತೆಗೆದ ಹಾಲಿನ ಗಟ್ಟಿ ಮೊಸರಿಗೆ ಅಗಸೆ ಚಟ್ನಿ ಕಲಸಿದ್ದು ಇನ್ನೊಂದರಲ್ಲಿ. ನಿನ್ನ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಾಳೆ. “ಇಷ್ಟ್ಯಾಕ್ರಿ ಸಾಸಿವಿ? ಡಬ್ಬಿಯೊಳಗ ಗೋಲಿ ಆಡ್ಲಿಕ್ಕೇನು?” ಅನ್ನುತ್ತಾಳೆ. ಈಚೆಗೆ ಅವಳು ನನ್ನೊಡನೆ ಆಡುವ ಮಾತೆಲ್ಲ ಒಗ್ಗರಣೆಯ ಬಗ್ಗೆಯೇ.

ಡಬ್ಬಿಯನ್ನು ಮುಂಜಾನೆಯ ಹಾನಗಲ್ಲ ಬಸ್ಸಿನಲ್ಲಿ ಕಂಡಕ್ಟರ ದ್ಯಾಮಪ್ಪನ ಕೈಗೆ ಕೊಡುತ್ತೇನೆ, ಉಳಿದ ತಂದೆತಾಯಿಗಳು ಪರ ಊರಿನ ಮಕ್ಕಳಿಗೆ ಬುತ್ತಿ ಕಳಿಸುವ ಹಾಗೆ. ಸಂಜೆ ಖಾಲಿ ಡಬ್ಬಿ ತಿರುಗಿ ಬರುತ್ತದೆ, ಜೊತೆಗೆ ದ್ಯಾಮಪ್ಪನ ವರದಿಯೂ. “ಮಾಸ್ತರ, ತಂಗ್ಯಾರು ಭಾಳ ಖುಷಿ ಆಗ್ಯಾರ್ರಿ. ಅಲಸಂದಿ ಉಸಳಿ ತಳಾ ಬಳದು ತಿಂದ್ರು ನೋಡ್ರಿ” ಎಂದು ಮೊನ್ನೆ ಹೇಳಿದ. ನೀನು ತೊಟ್ಟಿಲಿನಿಂದ ಇಳಿದಂದಿನಿಂದ ಅಲಸಂದಿಯನ್ನು ತಾಟಿನ ಅಂಚಿಗೆ ಸಾಲುಗಟ್ಟಿ ಇಟ್ಟವಳು. ಹಾನಗಲ್ಲಿನ ನೀರಿನ ಗುಣ ಎಂದುಕೊಂಡೆ. ನಿನ್ನೆ ತಲೆ ಕೆರೆದುಕೊಂಡು, “ದ್ವಾಸಿ ಚಲೋ ಅದಾವಂತ್ರಿ, ಒಂದೀಟು ಬೆಲ್ಲ ಹಾಕಿದ್ರ ಇನ್ನಾ ಚಲೋ ಅಂದ್ರು” ಎಂದ. ಆಗಲಿ, ಯೋಚಿಸುತ್ತೇನೆ ಎಂದು ಗಂಭೀರವಾಗಿ ಹೇಳಿ ಕಳಿಸಿದೆ.

ಮಗಳೇ, ಆ ದಿನದ ಮಾತನ್ನು ನಾವಿಬ್ಬರೂ ಒಮ್ಮೆಯೂ ಆಡಲಿಲ್ಲ. ನೀನು ಬಿದ್ದ ಮೇಲೆ ನಡೆದದ್ದು ನಿನಗೆ ಗೊತ್ತೂ ಇಲ್ಲ, ಆದ್ದರಿಂದ ಬರೆಯುತ್ತೇನೆ. ಶಿಗ್ಗಾವಿಯ ಡಾಕ್ಟರು ರೋಗ ಹೇಳಿದ ದಿನ ನನಗೆ ಎರಡು ಮಾತು ಹೇಳಿದ್ದರು. ಒಂದು, ಸಿಹಿ ಬಿಡಿಸಿರಿ, ಕಾಳುಕಡಿ ಹೆಚ್ಚು ತಿನ್ನಿಸಿರಿ. ಎರಡು, ಸೂಜಿ ಹೆಚ್ಚಾಗಿಯೋ ಊಟ ತಡವಾಗಿಯೋ ಕೈ ನಡುಗಿ ಬೆವರು ಬಂದರೆ, ಕೂಡಲೇ ಒಂದಿಷ್ಟು ಸಿಹಿ ಬಾಯಿಗೆ ಹಾಕಿರಿ. ಮೊದಲನೆಯದಕ್ಕೆ ಬಸ್ಸಿನಲ್ಲಿ ಕುಳಿತಾಗಲೇ ಪ್ರಾಸ ಸಿಕ್ಕಿತು: ಕಾಳು ತಿಂದರೆ ಬಾಳು, ಬೆಲ್ಲ ತಿಂದರೆ ಗೋಳು. ಅಡಿಗೆಮನೆಯ ಬಾಗಿಲ ಮೇಲೆ ಬರೆದೆ, ಮನೆಯ ಸಕ್ಕರೆಯನ್ನೆಲ್ಲ ಹಂಚಿಬಿಟ್ಟೆ. ಓಣಿಯ ಅಂಗಡಿಗಳಿಗೆಲ್ಲ ಹೋಗಿ ಬಾಯಿಪಾಠ ಮಾಡಿಸಿದೆ: ಮನೋರಮೆಗೆ ಕೊಟ್ಟರೆ ಪೆಪ್ಪರಮಿಂಟು, ಅವತ್ತಿಗೆ ಮುಗಿಯಿತು ನಮ್ಮ ನಂಟು. ಜನ ನಕ್ಕರು, ಮೆಚ್ಚಿದರು, ಮಾಸ್ತರರ ಮಾತೆಂದು ಪಾಲಿಸಿದರು. ಎರಡನೆಯ ಮಾತಿಗೆ ಪ್ರಾಸ ಸಿಗಲಿಲ್ಲ. ಅದು ಯಾರ ಕಿವಿಗೂ ಮುಟ್ಟಲಿಲ್ಲ, ನಿನ್ನ ಕಿವಿಗೂ.

ಶಾಲೆಯಿಂದ ಬರುತ್ತ ಮೈ ಬೆವೆತು ನೀನು ಕರಿಬಸಪ್ಪನ ಅಂಗಡಿಯ ಕಟ್ಟೆ ಹಿಡಿದು ನಿಂತಾಗ, ನಿನ್ನ ಮೈಯೇ ನಿನಗೆ ಸಿಹಿ ಬೇಡು ಎಂದು ಹೇಳಿತ್ತು. ಕರಿಬಸಪ್ಪ ಬರಣಿಯ ಮೇಲೆ ಕೈಯಿಟ್ಟು ನನ್ನ ಪ್ರಾಸವನ್ನು ನಿನಗೇ ಹೇಳಿ ನಕ್ಕನಂತೆ. ಇನ್ನೊಮ್ಮೆ ಕೇಳಿದಿ, ಇನ್ನೊಮ್ಮೆ ಹೇಳಿದ. ಮೂರನೆಯ ಸಲ ಕೇಳಲು ನೀನು ನಿಂತಿರಲಿಲ್ಲ. ಪಕ್ಕದ ಬಳೆ ಅಂಗಡಿಯ ರಮಜಾನಬಿ ಓಡಿ ಬಂದು, “ಏ ಕರಿಬಸಣ್ಣ, ಹುಡಿಗಿ ಕಣ್ಣ ಮ್ಯಾಲ ಮಾಡ್ಯಾಳ, ನಿನ್ನ ಮಾಸ್ತರನ ಹಾಡ ಗಟಾರಕ್ಕ ಒಗಿ!” ಎಂದು ಕೂಗಿ, ಸಕ್ಕರೆ ಚೀಲಕ್ಕೆ ಕೈ ಹಾಕಿ, ನಿನ್ನ ತುಟಿಗೆ ಒತ್ತಿ ಒತ್ತಿ ಸವರಿದಳು. ಏನು ಆಗಿದೆಯೆಂದು ಆಕೆಗೂ ಗೊತ್ತಿರಲಿಲ್ಲ. ಹೋಗುವ ಕೂಸಿನ ಬಾಯಿ ಸಿಹಿ ಮಾಡಿ ಕಳಿಸೋಣ ಎಂದುಕೊಂಡಳಂತೆ. ಅದನ್ನು ಆಕೆ ನನಗೆ ಹೇಳಿದ್ದು ತೀರ ತಡವಾಗಿ, ಅಳುತ್ತ. ನೀನು ಉಳಿದದ್ದು ಹೀಗೆ. ಕರಿಬಸಪ್ಪ ಅಂದಿನಿಂದ ನನ್ನನ್ನು ಕಂಡರೆ ತಕ್ಕಡಿ ಒರೆಸುತ್ತ ತಲೆ ತಗ್ಗಿಸುತ್ತಾನೆ. ನಾನೂ ತಗ್ಗಿಸುತ್ತೇನೆ. ನಮ್ಮಿಬ್ಬರ ವ್ಯಾಪಾರವೆಲ್ಲ ನೆಲ ನೋಡಿಕೊಂಡೇ ನಡೆಯುತ್ತದೆ.

ದವಾಖಾನೆಯಿಂದ ಬಂದ ಮೇಲೆ ನಾನು ಉಸಳಿಯ ಬಟ್ಟಲು ಮುಂದಿಟ್ಟಾಗ ನೀನು ಹೇಳಿದ್ದು ಒಂದೇ ಮಾತು: “ನಿಮ್ಮ ಪ್ರಾಸ ನೀವಽ ಉಣ್ರಿ, ಅಪ್ಪಾ. ನಿಮ್ಮ ಕೈಲೆ ನಾ ಇನ್ನ ಒಂದ ಕಾಳೂ ತಿನ್ನೂದಿಲ್ಲ.” ಆಮೇಲೆ ಅತ್ತೆಯ ಊರಿನ ಕಾಲೇಜೇ ಬೇಕೆಂದು ಹಟ ಹಿಡಿದು ಹೋದಿ. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದಿ, ಮುಖ ನೋಡಲಿಲ್ಲ. ಬಾಗಿಲ ಮೇಲಿನ ಬರಹವನ್ನು ಅಂದೇ ಒರೆಸಿದ್ದೇನೆ. ಸುಣ್ಣ ಹಚ್ಚಿದರೂ ‘ಗೋಳು’ ಮಾತ್ರ ಇನ್ನೂ ಮಸುಕಾಗಿ ಕಾಣುತ್ತದೆ.

ಆದರೂ ದುಃಖದ ಮಾತೇಕೆ? ಡಬ್ಬಿ ಖಾಲಿ ಬರುತ್ತಿರುವಾಗ ಅಡಿಗೆಯವನಿಗೆ ಇನ್ನೇನು ಬೇಕು? ನಾಳೆ ಕಡಲೆ ನೆನೆಹಾಕುತ್ತೇನೆ. ಸಭೆಯ ಪರವಾಗಿ ವಂದನಾರ್ಪಣೆ ಮಾಡಿ ಮುಗಿಸುತ್ತೇನೆ. ಯಮುನಕ್ಕನಿಗೆ ನನ್ನ ನಮಸ್ಕಾರ. ರಾಯರು ನಿನ್ನನ್ನು ಕಾಯಲಿ, ನಾನು ಕಾಯ್ದದ್ದಕ್ಕಿಂತ ಚೆನ್ನಾಗಿ.

ನಿನ್ನ ಅಪ್ಪ
ವಾದಿರಾಜ

ತಾ.ಕ.: ಟಪಾಲು ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಅಲಸಂದಿಯನ್ನು ತಳ ಬಳಿದು ತಿಂದವಳು ನೀನಲ್ಲ. ಬೆಲ್ಲ ಕೇಳಿದವಳೂ ನೀನಲ್ಲ. ನೀನು ಡಬ್ಬಿಯನ್ನು ಮುಟ್ಟದೆ ತಿರುಗಿ ಕಳಿಸುತ್ತೀ, ತುಂಬಿದ ಡಬ್ಬಿಯನ್ನು ನನ್ನ ಕೈಗೆ ಕೊಡಲಾರದೆ ದ್ಯಾಮಪ್ಪ ಬಂಕಾಪುರದ ಸ್ಟ್ಯಾಂಡಿನಲ್ಲಿ ಕುಳಿತು ತಾನೇ ತಿನ್ನುತ್ತಾನೆ. ನನಗೆ ಗೊತ್ತು. ಗೊತ್ತಿದ್ದೂ ದಿನಾ ಮಾಡುತ್ತೇನೆ, ದಿನಾ ಹೋಗಿ ಅವನ ಸುಳ್ಳು ಕೇಳುತ್ತೇನೆ, ಯಾಕೆಂದರೆ ಈ ಊರಿನಲ್ಲಿ ಈಗ ನನ್ನ ಎದುರು ನಿನ್ನ ಸುದ್ದಿ ಎತ್ತುವವನು ಅವನೊಬ್ಬನೇ. ತಿನ್ನದಿದ್ದರೆ ಬಿಡು, ಮನೂ. ಈ ಲಕೋಟೆಯಲ್ಲಿ ಒಂದು ಪುಡಿಕೆ ಪೆಪ್ಪರಮಿಂಟು ಇದೆ. ಕರಿಬಸಪ್ಪ ಬರಣಿಯಿಂದ ತಾನೇ ತೆಗೆದು ಕಟ್ಟಿಕೊಟ್ಟದ್ದು. ಟಪಾಲಿನಲ್ಲಿ ಪುಡಿಯಾದರೂ ಚೆಲ್ಲಬೇಡ, ಪುಸ್ತಕದ ಚೀಲದಲ್ಲಿ ಇಟ್ಟುಕೋ. ಕೈ ನಡುಗಿದರೆ ಬಾಯಿಗೆ ಹಾಕಿಕೋ. ಯಾರನ್ನೂ ಕೇಳಬೇಡ.