ಗೆರೆ ಎಳೆದ ನಾಲ್ಕು ತತ್ತಿ

ರಾಣೆಬೆನ್ನೂರು, ಸೋಮವಾರ, 2007

ಸ್ನೇಹಾ, ಯವ್ವಾ,

ನೀನು ನಮ್ಮ ವೀರೇಂದ್ರನನ್ನು ಬಿಟ್ಟು ಹೋಗಿ ಎರಡು ವರ್ಷವಾಯಿತು. ನಿನಗೀಗ ಬೇರೆ ಮನೆಯಾಗಿದೆಯಂತೆ. ಅಲ್ಲಿಗೆ ಹಳೆಯ ಮಾವನ ಕಾಗದ ಬರಬಾರದು, ಅದಕ್ಕೇ ಇದನ್ನು ಕಳಿಸುವುದಿಲ್ಲ.

ಇವತ್ತೊಂದು ಕತೆಯಾಯಿತು, ಕೇಳು. ನೀನು ಬಿಟ್ಟುಹೋದ ದುಂಡನೆಯ ಓವನ್ನಿನೊಳಗೆ ಫ್ರೆಂಚ್ ಪಫ್ ಎಂಬ ತಿನಿಸು ಮಾಡುವ ಬಗೆ ಬರೆದಿಟ್ಟ ಚೀಟಿ ಸಿಕ್ಕಿತು. 'ನಾಲ್ಕು ತತ್ತಿ' ಎಂಬುದಕ್ಕೆ ಗೆರೆ ಎಳೆದು 'ಮೊಸರು' ಎಂದು ಬರೆದಿದ್ದೀಯ. ಮನೆಯೊಳಗೆ ತತ್ತಿ ಬರಬಾರದು ಅಂದವನು ನಾನೇ.

ನಿನ್ನ ಅತ್ತೆ ಅಗಡಿ ಊರಿಗೆ ಹೋಗಿದ್ದಳು. ಗುರುತಿನವರಿಲ್ಲದ ಸ್ಟೇಷನ್ ಕಡೆಯಿಂದ ಕಳ್ಳನ ಹಾಗೆ ನಾಲ್ಕು ತತ್ತಿ ತಂದೆ. ರೊಟ್ಟಿಗೆ ಎಸರಿಟ್ಟಂತೆ ನೀರು, ಬೆಣ್ಣೆ ಕುದಿಸಿ, ಮೈದಾ ಸುರಿದು ತಿರುವಿದೆ. ಆರಿದ ಮೇಲೆ ತತ್ತಿ ಕಲಸಿ, ಸಣ್ಣ ಸಣ್ಣ ಮುದ್ದೆ ಮಾಡಿ ಓವನ್ನಿನಲ್ಲಿಟ್ಟೆ. ಅವು ಉಬ್ಬಿದ್ದನ್ನು ನೀನು ನೋಡಬೇಕಿತ್ತು, ಯವ್ವಾ.

ಅಷ್ಟರಲ್ಲಿ ಮನೆಗೆಲಸದ ಗದಿಗೆವ್ವ ಬಂದಳು. ಒಂದನ್ನು ಮುರಿದು, "ಒಳಗ ಏನೂ ಇಲ್ಲಲ್ರಿ!" ಅಂದಳು.

"ಅದು ಹಂಗ ಇರಬೇಕಂತ."

"ಆ ಹುಡುಗಿ ಮಾಡಿದ್ವು ಚಪ್ಪಟಿ ಆಗ್ತಿದ್ವು. ಕೈಗುಣ ಬೇಕ್ರಿ! ನಿಮ್ಮದು ಚೊಲೋ ಐತಿ. ಇವತ್ತ ನನ್ನ ಉಪವಾಸ, ನಾಳೆ ತಿಂತೇನಿ."

ಆಗಲೂ ಅವಳು ಇದೇ ಕೈಗುಣದ ಮಾತು ಆಡುತ್ತಿದ್ದಳು. ನೀನು ನನ್ನ ಮುಖ ನೋಡುತ್ತಿದ್ದೆ, ನಾನು ಪೇಪರ್ ನೋಡುತ್ತಿದ್ದೆ.

ಪಫ್ಫುಗಳು ಡಬ್ಬಿಯಲ್ಲಿವೆ. ಅವಳೂ ತತ್ತಿ ಮುಟ್ಟುವವಳಲ್ಲ, ತಿನ್ನುವ ಮೊದಲು ನಾನು ಹೇಳಲೇಬೇಕು. ಹೇಳಲೆಂದು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಚಹಾ ಕೇಳಿದೆ. ತತ್ತಿಯ ಸಿಪ್ಪೆ ಇನ್ನೂ ನನ್ನ ಅಂಗಿಯ ಕಿಸೆಯಲ್ಲೇ ಇದೆ.

ವಿರೂಪಾಕ್ಷಪ್ಪ